ಯಶಸ್ಸಿನಿಂದ ಕಲಿಕೆ: ವಿಶೇಷ ಶಾಲೆಗಳಿಗಾಗಿ ಒಂದು ಸಿಬ್ಬಂದಿ ತರಬೇತಿ

ವಿಶೇಷ ಶಾಲೆಯ ಸಿಬ್ಬಂದಿ ಸಭೆಯಲ್ಲಿ ಹೆಚ್ಚಿನ ಹೊತ್ತು ಹೋಗುವುದು ಆಗದೆ ಉಳಿದ ಕೆಲಸಗಳ ಮಾತಿಗೆ. ಫಲ ಕೊಟ್ಟ ಕೆಲಸಕ್ಕೆ ಒಂದು ಚಪ್ಪಾಳೆ ಬಿದ್ದರೆ ಅಲ್ಲಿಗೆ ಮುಗಿಯಿತು. ಈ ರೂಢಿಯನ್ನು ಬದಲಿಸಲೆಂದೇ ಇರುವ ಆರು ಅವಧಿಗಳ ತರಬೇತಿಯೊಂದನ್ನು ನಮ್ಮ ಶಾಲೆ ಪಡೆಯಿತು. ಅದರಲ್ಲಿ ಕುಳಿತ ವಿಶೇಷ ಶಿಕ್ಷಕಿಯರಲ್ಲಿ ನಾನೂ ಒಬ್ಬಳು.

ಇಸ್ರೇಲಿನ ಸಮಾಜಕಾರ್ಯ ವಿದ್ವಾಂಸ ಯೋನಾ ರೋಸೆನ್‌ಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ವಿಧಾನವೇ ಇದಕ್ಕೆ ಆಧಾರ. ಒಂದು ಯಶಸ್ಸನ್ನು ಆರಿಸಿ, ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ವಿವರಿಸಿ, ಲಾಭದ ಜೊತೆಗೆ ಅದಕ್ಕೆ ತೆತ್ತ ಬೆಲೆಯನ್ನೂ ಗುರುತಿಸಿ, ತಿರುವುಗಳನ್ನು ಹುಡುಕಿ, ಪ್ರತಿ ತಿರುವಿನಲ್ಲಿ ಯಾರು ಏನು ಮಾಡಿದರೆಂಬುದನ್ನು ಹೊರತೆಗೆದು, ಕೊನೆಗೆ ಬೇರೆಡೆಯೂ ಬಳಸಬಹುದಾದ ತತ್ವಗಳನ್ನೂ ಉಳಿದ ಪ್ರಶ್ನೆಗಳನ್ನೂ ಬರೆದಿಡಬೇಕು. “ತಾಳ್ಮೆಯಿಂದಿದ್ದೆ” ಎಂಬ ಉತ್ತರವನ್ನು ತರಬೇತಿ ನಡೆಸಿಕೊಟ್ಟ ಸುಗಮಕಾರರು ಒಪ್ಪಲಿಲ್ಲ. ಎಲ್ಲಿ ಕುಳಿತಿರಿ, ಎಷ್ಟು ಹೊತ್ತು ಸುಮ್ಮನಿದ್ದಿರಿ ಎಂದು ಕೇಳುತ್ತಲೇ ಇದ್ದರು. ಈ ಪಟ್ಟೇ ತರಬೇತಿಯ ನಿಜವಾದ ಬಲ.

ನಾವು ಆರಿಸಿಕೊಂಡದ್ದು ಆಟಿಸಂ ಇರುವ, ಮಾತು ಬಾರದ ಬಾಲಕನೊಬ್ಬನ ಪ್ರಸಂಗ. ಆಟದ ಅಂಗಳದಿಂದ ಒಳಗೆ ಕರೆದರೆ ನೆಲಕ್ಕೆ ಬಿದ್ದು ಕಿರುಚುತ್ತಿದ್ದವನು ಈಗ ತಾನಾಗಿಯೇ ಎದ್ದು ಬರುತ್ತಾನೆ. ಇದು ಮುಂದೇನೆಂದು ತೋರಿಸುವ ಚಿತ್ರ ಕಾರ್ಡ್‌ಗಳ ಫಲವೆಂದು ಸ್ಪೀಚ್ ಥೆರಪಿಸ್ಟ್ ಮತ್ತು ನಾನು ನಂಬಿದ್ದೆವು. ಆದರೆ ವರ್ತನೆಯ ದಾಖಲೆಯನ್ನು ದಿನದಿನವೂ ಬಿಡಿಸಿ ನೋಡಿದಾಗ, ಕಾರ್ಡ್ ಬರುವ ಎರಡು ವಾರ ಮೊದಲೇ ಕಿರುಚಾಟ ತಗ್ಗಿದ್ದು ಕಂಡಿತು. ಆಯಾ ಒಬ್ಬರು ಕೈ ತೊಳೆಸುವ ಹೊತ್ತಿಗೆ ಅಂಗಳಕ್ಕೇ ಹೋಗಿ, ಏನೂ ಮಾತಾಡದೆ, ಅವನ ಟವೆಲನ್ನು ಅವನ ಕೈಗಿತ್ತು ಕಾಯುತ್ತಿದ್ದರಂತೆ. ಮುಂದೇನೆಂಬುದು ಅವನಿಗೆ ಕೈಯಲ್ಲೇ ಸಿಕ್ಕಿತ್ತು. ಚಿತ್ರ ಅರ್ಥವಾದದ್ದು ಆಮೇಲೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವರು ಅದನ್ನು ವಿವರಿಸಿದ ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಬಳಿಕ ಇನ್ನಿಬ್ಬರು ಮಕ್ಕಳಿಗೆ ಹೀಗೆಯೇ ವಸ್ತು ಕೊಟ್ಟು ನೋಡಿದೆವು. ಒಬ್ಬಳಿಗೆ ಒಗ್ಗಿತು, ಇನ್ನೊಬ್ಬನಿಗೆ ಒಗ್ಗಲಿಲ್ಲ.

ಕೊರತೆಗಳೂ ಇವೆ. ಮೊದಲ ಎರಡು ಅವಧಿಗಳಿಗೆ ಶಿಕ್ಷಕರನ್ನೂ ಥೆರಪಿಸ್ಟರನ್ನೂ ಮಾತ್ರ ಕರೆದಿದ್ದರು. ಆ ಆಯಾ ಮೂರನೆಯದಕ್ಕೆ ಬಾರದಿದ್ದರೆ ನಾವು ತಪ್ಪು ಪಾಠವನ್ನೇ ಬರೆದಿಡುತ್ತಿದ್ದೆವು. ಒಂದು ಪ್ರಸಂಗಕ್ಕೆ ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ತರಬೇತಿಯವರು ಯೋಚಿಸಿರಲಿಲ್ಲ. ಪೋಷಕರಿಗೆ ಜಾಗವಿರಲಿಲ್ಲ, ಮುಗಿದ ಮೇಲೆ ಮರುಭೇಟಿಯೂ ಇಲ್ಲ.

ಆಯಾಗಳನ್ನೂ ಶಾಲಾ ವಾಹನದ ಸಹಾಯಕರನ್ನೂ ಮೊದಲ ದಿನದಿಂದಲೇ ಕೂರಿಸಿಕೊಳ್ಳುವುದಾದರೆ ಈ ತರಬೇತಿಯನ್ನು ಯಾವ ವಿಶೇಷ ಶಾಲೆಗಾದರೂ ಧೈರ್ಯವಾಗಿ ಸೂಚಿಸುತ್ತೇನೆ. ಆ ಆಯಾ ರಜೆಯಲ್ಲಿರುವ ದಿನ ಬಾಲಕ ಮತ್ತೆ ಅಂಗಳದಲ್ಲೇ ಉಳಿಯುತ್ತಾನೆ. ಅದೇಕೆ ಎಂಬುದು ನಮ್ಮ ಉಳಿದ ಪ್ರಶ್ನೆಗಳಲ್ಲಿ ಮೊದಲನೆಯದು. ಮುಂದಿನ ಸಭೆಯಲ್ಲಿ ಸುಗಮಕಾರರಿಲ್ಲದೆ ನಾವೇ ಅದನ್ನು ಬಿಡಿಸಲು ಕೂರಲಿದ್ದೇವೆ.