ಮೂರೂವರೆ ವರ್ಷ ಹೊತ್ತು ತಿರುಗಿದ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್: ಇಂಜಿನಿಯರಿಂಗ್‌ಗೆ ಸಾಕಾಯಿತಾ?

ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್. ನಾನು ಕೊಂಡಿದ್ದು 2022ರ ನವೆಂಬರ್‌ನಲ್ಲಿ, ಫಸ್ಟ್ ಸೆಮ್ ಶುರುವಾಗುವ ವಾರ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ. ಕೊಟ್ಟಿದ್ದು 26,500 ರೂಪಾಯಿ. ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್ಎಸ್‌ಡಿ. ಈ ಜೂನ್‌ಗೆ ಕೋರ್ಸ್ ಮುಗಿಯುತ್ತೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ವಾರ ಬಳಸಿ ಬರೆಯುವ ವಿಮರ್ಶೆಗಳಲ್ಲಿ ಬ್ಯಾಟರಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಅಲ್ವಾ?

ಅಪ್ಪ ಇಟ್ಟಿದ್ದ ದುಡ್ಡು 40,000. ಅದಕ್ಕೆ ಹೊಸದು ಸಿಗುತ್ತಿತ್ತು. ಆದರೆ ಆ ರೇಟಿನಲ್ಲಿ ನಾನು ನೋಡಿದ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಐ3 ಇತ್ತು, ರ್‍ಯಾಮ್ ಬೋರ್ಡಿಗೇ ಬೆಸೆದಿತ್ತು. ಮುಂದೆ ಸಾಲಲಿಲ್ಲ ಅಂದರೆ ಏನೂ ಮಾಡುವಂತಿಲ್ಲ. ಟಿ480ಯಲ್ಲಿ ಎರಡು ರ್‍ಯಾಮ್ ಸ್ಲಾಟ್ ಇವೆ. ನಾನು ಇದನ್ನು ಆರಿಸಿದ್ದೇ ಆ ಖಾಲಿ ಸ್ಲಾಟಿಗೋಸ್ಕರ.

ಅಂಗಡಿಯವರು ಮೊದಲು ತೋರಿಸಿದ್ದು ಟಿ470. ನೋಡೋಕೆ ಹೆಚ್ಚುಕಮ್ಮಿ ಇದೇ ಥರ, ಐದು ಸಾವಿರ ಕಮ್ಮಿ. ಅಪ್ಪನಿಗೆ ಅದೇ ಇಷ್ಟವಾಯಿತು. ಆದರೆ ಅದು 7ನೇ ತಲೆಮಾರಿನ ಇಂಟೆಲ್, ಎರಡೇ ಕೋರ್. ಟಿ480ಯದು 8ನೇ ತಲೆಮಾರು, ನಾಲ್ಕು ಕೋರ್. ವಿಂಡೋಸ್ 11ಗೂ ಗೆರೆ ಎಳೆದಿರುವುದು ಹೆಚ್ಚುಕಮ್ಮಿ ಅಲ್ಲೇ: ಇಂಟೆಲ್ ಆದರೆ 8ನೇ ತಲೆಮಾರಿನಿಂದ ಮೇಲೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಈಗ ಕೊಳ್ಳುವವರೂ ಇದೊಂದನ್ನು ನೋಡಿಕೊಳ್ಳಿ. ಬರೀ ‘ಐ5’ ಅನ್ನುವ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ.

ನಮ್ಮದು ತಿಪಟೂರು, ಅಪ್ಪನಿಗೆ ಕೊಬ್ಬರಿ ವ್ಯಾಪಾರ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುತ್ತಾರೆ. ಲ್ಯಾಪ್‌ಟಾಪನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿದರು. ನನಗೆ ನಾಚಿಕೆ, ಅಂಗಡಿಯ ಹುಡುಗನಿಗೆ ನಗು. ಒಳಗಿಂದ ‘ಗಡ್ ಗಡ್’ ಅಂತು! ಬಿಚ್ಚಿದರೆ ಒಂದು ಸ್ಕ್ರೂ ಸಡಿಲವಾಗಿ ಉರುಳಾಡುತ್ತಿತ್ತು. ಯಾರೋ ಮೊದಲೇ ಬಿಚ್ಚಿ, ಸರಿಯಾಗಿ ಕೂರಿಸದೆ ಮುಚ್ಚಿದ್ದರು. ಅದನ್ನು ವಾಪಸ್ ಇಟ್ಟು ಬೇರೆ ಪೀಸ್ ಕೊಟ್ಟರು.

ಎರಡನೇ ಪೀಸಿನಲ್ಲಿ ನಾನು ನೋಡಿದ್ದು ಎರಡು ವಿಷಯ. ಆನ್ ಮಾಡಿದ ತಕ್ಷಣ ಎಫ್1 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್‌ಗೆ, ಹೋದೆ. ಇವೆಲ್ಲ ಆಫೀಸುಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಕೆಲವದರಲ್ಲಿ ಹಳೇ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ಆಮೇಲೆ ಅದನ್ನು ತೆಗೆಸುವುದು ದೊಡ್ಡ ತಲೆನೋವು. ಇನ್ನೊಂದು, ವಿಂಡೋಸ್‌ನಲ್ಲೇ ಬರುವ ಬ್ಯಾಟರಿ ರಿಪೋರ್ಟ್. ಟಿ480ಗೆ ಎರಡು ಬ್ಯಾಟರಿ: ಒಳಗೊಂದು 24 ವ್ಯಾಟ್-ಅವರ್‌ನದ್ದು, ಹಿಂದೆ ಕಳಚಿ ಹಾಕುವಂಥದ್ದು ಇನ್ನೊಂದು. ನನ್ನದರಲ್ಲಿ ಒಳಗಿನದು 17ಕ್ಕೆ ಇಳಿದಿತ್ತು. ಹೊರಗಿನದು ಹೆಸರಿಗಷ್ಟೇ ಇತ್ತು. ಅದನ್ನು ತೋರಿಸಿಯೇ 1,500 ಇಳಿಸಿದ್ದು.

ಮೊದಲ ನಾಲ್ಕು ಸೆಮ್ ಏನೂ ಹಾಕಿಸಲಿಲ್ಲ. ಸಿ, ಪೈಥಾನ್, ಜಾವಾ, ಡಿಬಿಎಂಎಸ್ ಲ್ಯಾಬ್, ಜೊತೆಗೆ ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್. 8 ಜಿಬಿ ಸಾಕಾಗಿತ್ತು. ಐದನೇ ಸೆಮ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಬಂತು ನೋಡಿ, ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ಓಡುವ ನಕಲಿ ಫೋನ್) ಆನ್ ಮಾಡಿದರೆ ಮೌಸೂ ಅಲ್ಲಾಡುತ್ತಿರಲಿಲ್ಲ. ಇನ್ನೊಂದು 8 ಜಿಬಿ ತಂದೆ, 1,900 ರೂಪಾಯಿ.

ಹಾಕಿದ್ದು ಹಾಸ್ಟೆಲ್ ಮಂಚದ ಮೇಲೆ. ಬಯೋಸ್‌ನಲ್ಲಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡುವ ಆಯ್ಕೆ ಇದೆ, ಮೊದಲು ಅದು. ಆಮೇಲೆ ಹೊರಗಿನ ಬ್ಯಾಟರಿ ಕಳಚಿ, ತಳದ ಆರು ಸ್ಕ್ರೂ ಸಡಿಲ ಮಾಡಬೇಕು. ಅವು ಉದುರುವುದಿಲ್ಲ, ಮುಚ್ಚಳದಲ್ಲೇ ಇರುತ್ತವೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ಸುತ್ತ ಎಳೆದರೆ ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ. ಮೊದಲ ‘ಟಕ್’ಗೆ ಮುರಿದೇ ಹೋಯಿತು ಅಂದುಕೊಂಡೆ. ರ್‍ಯಾಮನ್ನು ಓರೆಯಾಗಿ ತಳ್ಳಿ ಕೆಳಗೆ ಒತ್ತಿದರೆ ಆಯಿತು. ಒಂದರ ಬದಲು ಎರಡು ಕಡ್ಡಿ ಇದ್ದರೆ ಒಳಗಿನ ಗ್ರಾಫಿಕ್ಸ್‌ಗೂ ಸ್ವಲ್ಪ ಚುರುಕು ಬರುತ್ತದೆ. ನಾನು ದುಡ್ಡು ಹಾಕಿದ್ದರಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಈಗ ರ್‍ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಹಾಗಾಗಿ ಇವತ್ತು ಕೊಳ್ಳುವುದಾದರೆ 16 ಜಿಬಿ ಇರುವುದನ್ನೇ ಹುಡುಕಿ.

ಎಸ್ಎಸ್‌ಡಿ ವಿಷಯದಲ್ಲಿ ಪೆದ್ದನಾದೆ. 3,100 ಕೊಟ್ಟು 512 ಜಿಬಿಯ ಎನ್‌ವಿಎಂಇ (ಕಡ್ಡಿಯಂಥ, ಹೆಚ್ಚು ವೇಗದ ಎಸ್ಎಸ್‌ಡಿ) ತಂದು ಬಿಚ್ಚಿದರೆ, ಕೂರಿಸಲು ಜಾಗವೇ ಇಲ್ಲ. ನನ್ನದರಲ್ಲಿದ್ದದ್ದು ಹಳೇ ಥರದ, ಎರಡೂವರೆ ಇಂಚಿನ ಸಾಟಾ ಎಸ್ಎಸ್‌ಡಿ. ಎನ್‌ವಿಎಂಇ ಹಾಕಲು ಬೇರೆ ಟ್ರೇ, ಬೇರೆ ಕೇಬಲ್ ಬೇಕು. ಮತ್ತೆ ಎಸ್‌ಪಿ ರೋಡ್, ಮತ್ತೆ 800. ಸಾಲದ್ದಕ್ಕೆ ಆ ಟ್ರೇಯಲ್ಲಿ ಡೇಟಾ ಓಡುವ ದಾರಿ (ಲೇನ್) ಎರಡೇ, ಡಬ್ಬಿಯ ಮೇಲೆ ಬರೆದಿರುವ ವೇಗದ ಅರ್ಧವೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ದಿನದ ಕೆಲಸದಲ್ಲಿ ಹಳೇದಕ್ಕೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಜಾಗ ಜಾಸ್ತಿ ಆಯಿತು, ಅಷ್ಟೇ. ಅದಕ್ಕೆ 512ರ ಸಾಟಾ ತಂದಿದ್ದರೂ ನಡೆಯುತ್ತಿತ್ತು.

ಬ್ಯಾಟರಿಯಲ್ಲೂ ಜಿಪುಣತನ ಮಾಡಿದೆ. ಊರು ಹೆಸರಿಲ್ಲದ ಒಂದನ್ನು 1,800ಕ್ಕೆ ತಂದೆ. ಏಳೇ ತಿಂಗಳು. ಸೆಮಿನಾರ್ ಮಧ್ಯೆ 40 ಪರ್ಸೆಂಟ್ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಸೊನ್ನೆ. ಆಮೇಲೆ 3,900 ಕೊಟ್ಟು ದೊಡ್ಡ 72 ವ್ಯಾಟ್-ಅವರ್ ಬ್ಯಾಟರಿ ತಂದೆ. ಹಿಂದೆ ದಿಂಬಿನ ಥರ ಉಬ್ಬಿಕೊಂಡಿರುತ್ತದೆ, ಬ್ಯಾಗ್ ಭಾರ. ಆದರೆ ಬೆಳಗ್ಗೆ ಒಂಬತ್ತಕ್ಕೆ ತೆಗೆದರೆ ಸಂಜೆ ನಾಲ್ಕರವರೆಗೆ ಚಾರ್ಜರ್ ಮುಟ್ಟಿಲ್ಲ. ಒಳಗಿನ ಬ್ಯಾಟರಿ ಇರುವುದರಿಂದ ಕೆಲಸ ನಿಲ್ಲಿಸದೆಯೇ ಹೊರಗಿನದನ್ನು ಕಳಚಿ ಬದಲಿಸಬಹುದು. ಟೈಪ್-ಸಿ ಚಾರ್ಜರ್, ಫೋನಿಗೂ ಅದೇ.

ಕೀಬೋರ್ಡ್ ಬಗ್ಗೆ ಎಷ್ಟು ಹೊಗಳಿದರೂ ಕಮ್ಮಿಯೇ. ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಇದರಲ್ಲೇ ಕುಟ್ಟಿದ್ದೇನೆ. ಗೇಮ್ ಆಡುವವರಿಗೆ ಇದಲ್ಲ. ಮಷೀನ್ ಲರ್ನಿಂಗ್ ಅಸೈನ್‌ಮೆಂಟ್‌ಗಳನ್ನು ಗೂಗಲ್ ಕೊಲ್ಯಾಬ್‌ನಲ್ಲಿ ಓಡಿಸಿದೆ, ಅಲ್ಲಿ ಜಿಪಿಯು (ಇಂಥ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಚಿಪ್) ಪುಕ್ಕಟೆ ಸಿಗುತ್ತದೆ.

ಇನ್ನೂ ಬೇಜಾರಿರುವುದು ಸ್ಕ್ರೀನ್ ಬಗ್ಗೆ. ಇದೇ ಮಾಡೆಲ್ ಫುಲ್ ಎಚ್‌ಡಿ ಐಪಿಎಸ್‌ನಲ್ಲೂ (ಪಕ್ಕದಿಂದ ನೋಡಿದರೂ ಬಣ್ಣ ಸರಿಯಾಗಿ ಕಾಣುವ ಪರದೆ) ಬರುತ್ತದೆ, ಅಂಗಡಿಯಲ್ಲಿ ಇತ್ತು ಕೂಡ. 3,000 ಉಳಿಸಲು ನಾನು ಕಡಿಮೆ ರೆಸಲ್ಯೂಷನ್‌ನ 1366×768ರದ್ದು ತೆಗೆದುಕೊಂಡೆ. ಪಕ್ಕದಲ್ಲಿ ಕೂತವರಿಗೆ ಬಣ್ಣವೇ ಬೇರೆ ಕಾಣುತ್ತದೆ. ಕೋಡ್ ಒಂದು ಕಡೆ, ಔಟ್‌ಪುಟ್ ಒಂದು ಕಡೆ ಇಟ್ಟರೆ ಎರಡೂ ಇಕ್ಕಟ್ಟು.

ಎಲ್ಲಾ ಸೇರಿ ಖರ್ಚಾಗಿದ್ದು ಸರಿಯಾಗಿ 38,000. ಅದರಲ್ಲಿ ಮೊದಲ ಬ್ಯಾಟರಿಯ 1,800 ದಂಡ. ಮುಂದಿನ ವರ್ಷ ತಂಗಿ ಡಿಗ್ರಿಗೆ ಸೇರುತ್ತಾಳೆ, ಇದು ಅವಳಿಗೇ. ಅಪ್ಪ ಇಟ್ಟಿದ್ದರಲ್ಲಿ 2,000 ಇನ್ನೂ ಉಳಿದಿದೆ, ಅದಕ್ಕೆ ಇನ್ನಷ್ಟು ಸೇರಿಸಿ ಸ್ಕ್ರೀನ್ ಬದಲಿಸಿ ಕೊಡು ಅಂತ ಈಗಲೇ ಹಟ ಹಿಡಿದಿದ್ದಾಳೆ.