ಕುರಿ ಸಾಕಾಣಿಕೆ ಸಾಲಿನಲ್ಲಿ ಸಿಕ್ಕ ಪುಸ್ತಕ, 120 ರೂಪಾಯಿ

ಹಾಸನದ ಬಸ್ ಸ್ಟ್ಯಾಂಡ್‌ನಿಂದ ನಡೆದೇ ಹೋಗಬಹುದಾದ ಒಂದು ಹಳೇ ಪುಸ್ತಕದ ಅಂಗಡಿ. ಹೆಸರು ಬೇಡ, ಸಣ್ಣದೊಂದು ಜಗಳ ಇದೆ. ಶುಂಠಿ, ಅಡಿಕೆ, ಕುರಿ ಸಾಕಾಣಿಕೆ ಪುಸ್ತಕಗಳ ಮಧ್ಯೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕಂಡಿತು. ರಟ್ಟಿನ ಮೇಲೆ ಕೋಲು ಹಿಡಿದ ಹುಡುಗ, ನಾಲ್ಕು ಕುರಿ. ಒಳಗೆ ನೋಡಿದರೆ ಫ್ರೆಂಚ್ ಕಾದಂಬರಿಯ ಚರಿತ್ರೆ! "ಕುರಿ ಇತ್ತಲ್ಲ ಸಾರ್, ಅಲ್ಲೇ ಇಟ್ಟೆ" ಅಂದರು ಅಂಗಡಿಯವರು.

ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕುರಿಗಾಹಿಗಳ ಪ್ರೇಮಕಥೆ ಫ್ರಾನ್ಸಿನಲ್ಲೇ ಹುಟ್ಟಿದ್ದಲ್ಲವಂತೆ. ಇಟಲಿಯಲ್ಲಿ ಸನ್ನಾಜಾರೋನ 'ಆರ್ಕೇಡಿಯಾ' 1504ರಲ್ಲೇ ಅಚ್ಚಾಗಿತ್ತು, ಆಮೇಲೆ ಸ್ಪೇನಿನಲ್ಲಿ ಮೊಂತೆಮಯೋರ್ 'ಡಯಾನಾ' ಬರೆದ, 1559ರಲ್ಲಿ ಜಾಕ್ ಅಮ್ಯೊ ಹಳೇ ಗ್ರೀಕ್ ಕಥೆ 'ಡಾಫ್ನಿಸ್ ಮತ್ತು ಕ್ಲೋಯೆ'ಯನ್ನು ಫ್ರೆಂಚಿಗೆ ತಂದ. ಇಷ್ಟೆಲ್ಲ ಆದ ಮೇಲೆ 1607ರಲ್ಲಿ ಒನೊರೆ ದ್ಯುರ್ಫೆಯ 'ಲಾಸ್ತ್ರೆ' ಎಂಬ ಫ್ರೆಂಚ್ ಕುರಿಗಾಹಿ ಕಾದಂಬರಿಯ ಮೊದಲ ಭಾಗ ಬಂತು. 1625ರಲ್ಲಿ ಅವನು ತೀರಿಕೊಂಡಾಗಲೂ ಕಥೆ ಮುಗಿದಿರಲಿಲ್ಲ, ಕಾರ್ಯದರ್ಶಿ ಬಾರೋ ಮುಗಿಸಿದ. ಒಟ್ಟು ಸುಮಾರು ಐದು ಸಾವಿರ ಪುಟ!

ನನಗೆ ಹಿಡಿಸಿದ್ದು ಬೇರೆ. ದ್ಯುರ್ಫೆ ಫ್ರಾನ್ಸಿನ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಯುದ್ಧದಲ್ಲಿ ಬಡಿದಾಡಿ ಜೈಲು ಕಂಡವನು. ಅಂಥವನು ಕೂತು ಬರೆದದ್ದು ತಾನು ಬೆಳೆದ ಫೊರೆ ಸೀಮೆಯ, ಲಿನ್ಯೋಂ ಎಂಬ ಪುಟ್ಟ ನದಿಯ ದಂಡೆಯ ಕಥೆ. ನಮ್ಮಲ್ಲಿ ಯಾರೋ ಯಗಚಿ ದಂಡೆಯಲ್ಲೇ ಐದು ಸಾವಿರ ಪುಟ ಕೂತ ಹಾಗೆ. ಕಾಲ ಮಾತ್ರ ಐದನೇ ಶತಮಾನ. ಯಾರದೋ ಚಾಡಿ ಕೇಳಿ ನಾಯಕಿ ಆಸ್ತ್ರೆ "ಮುಖ ತೋರಿಸಬೇಡ" ಅಂತಾಳೆ, ಅವಳ ಪ್ರೇಮಿ ಸೆಲಾಡನ್ ಹೋಗಿ ಹೊಳೆಗೆ ಹಾರುತ್ತಾನೆ. ಬದುಕಿಕೊಂಡ ಮೇಲೂ ಆ ಮಾತು ಮೀರಲ್ಲ ಪುಣ್ಯಾತ್ಮ, ಕೊನೆಗೆ ಹೆಣ್ಣುವೇಷ ಹಾಕಿ ಅವಳ ಹತ್ತಿರ ಬರುತ್ತಾನೆ.

ಆದರೆ ಕುರಿ ಎಲ್ಲಿ? ಇವರು ಹೊಟ್ಟೆಪಾಡಿಗೆ ಕುರಿ ಕಾಯುವವರಲ್ಲ, ನೆಮ್ಮದಿಗಾಗಿ ಈ ಬದುಕು ಹಿಡಿದವರು ಅಂತ ದ್ಯುರ್ಫೆ ಮೊದಲೇ ಹೇಳಿಬಿಟ್ಟಿದ್ದಾನೆ. ಅರಸೀಕೆರೆ ಕಡೆಯ ನಮ್ಮ ತಾತ ಕಂಡವರ ಹೊಲದಲ್ಲಿ ಮಂದೆ ಕಟ್ಟಿ, ನೆನೆದ ಕಂಬಳಿ ಹೊದ್ದು, ರಾತ್ರಿಯೆಲ್ಲ ತೋಳ ಬಂತಾ ಅಂತ ಕಿವಿ ಕೊಟ್ಟು ಮಲಗುತ್ತಿದ್ದವರು. ಆ ಕಂಬಳಿ ವಾಸನೆ ಒಂದು ವಾರ ಮನೆಯಿಂದ ಹೋಗುತ್ತಿರಲಿಲ್ಲ. ಸೆಲಾಡನ್‌ಗೆ ಒಂದು ದಿನ ಮಂದೆ ಒಪ್ಪಿಸಬೇಕಿತ್ತು.

ಜಗಳ ಏನಂದ್ರೆ, ಹೆಣ್ಣುವೇಷದ ಭಾಗದಲ್ಲೇ ಹದಿನಾರು ಪುಟ ಇಲ್ಲ! ತಗೊಂಡು ಹೋಗಿ ತೋರಿಸಿದರೆ "ಕುರಿ ಮೇದಿರಬೇಕು ಸಾರ್" ಅಂತ ನಕ್ಕರು, ವಾಪಸ್ ಮಾತ್ರ ತಗೊಳ್ಳಲಿಲ್ಲ. ಐದಕ್ಕೆ ಮೂರು ಸ್ಟಾರ್. ಹೋದರೆ ಪುಟ ನೋಡಿಕೊಂಡು ದುಡ್ಡು ಕೊಡಿ, ಭಾನುವಾರ ಎರಡು ಗಂಟೆಗೇ ಬಾಗಿಲು ಹಾಕುತ್ತಾರೆ.