ಕೆಂಪು ಸಾಸೋ, ಕೇಸರಿ ರಿಸೊಟ್ಟೊವೋ?

ಅಮೆರಿಕದಲ್ಲಿ ಇಟಾಲಿಯನ್ ಊಟಕ್ಕೆ ಹೊರಟವರು ಮೊದಲು ನೋಡಬೇಕಾದದ್ದು ಅಡುಗೆ ಯಾವ ಪ್ರಾಂತ್ಯದ್ದು ಎಂಬುದನ್ನು. 1880ರಿಂದ 1920ರ ದಶಕದವರೆಗೆ ಅಲ್ಲಿಗೆ ಬಂದ ಇಟಾಲಿಯನ್ ವಲಸಿಗರಲ್ಲಿ ಹೆಚ್ಚಿನವರು ನೇಪಲ್ಸ್, ಸಿಸಿಲಿಗಳಂಥ ದಕ್ಷಿಣದವರು. ತಾಯ್ನಾಡಿನಲ್ಲಿ ಅಪರೂಪವಾಗಿದ್ದ ಮಾಂಸ ಅಮೆರಿಕದಲ್ಲಿ ಅಗ್ಗವಾಗಿ ಸಿಕ್ಕಿತು. ಸ್ಪಾಗೆಟಿಯ ಮೇಲೆ ದೊಡ್ಡ ಮಾಂಸದುಂಡೆಗಳು ಬಂದು ಕೂತವು. ಅದನ್ನೇ ಉಂಡು ಬೆಳೆದವರಿಗೆ ಟೊಮೆಟೊ ಸಾಸ್, ಬೆಳ್ಳುಳ್ಳಿ, ಕರಗಿದ ಚೀಸ್ ಧಾರಾಳವಾಗಿರದ ತಟ್ಟೆ ಅರೆಬರೆ ಎನಿಸುತ್ತದೆ.

ಉತ್ತರ ಇಟಲಿಯ ಶೈಲಿ ಬೇರೆ: ಬೆಣ್ಣೆ, ಅಕ್ಕಿ, ಪೊಲೆಂಟಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ). ಸಾರು ಸೇರಿಸುತ್ತ ಕಲಕಿ ಬೇಯಿಸುವ ಅನ್ನವೇ ರಿಸೊಟ್ಟೊ; ಮಿಲಾನಿನದಕ್ಕೆ ಬಣ್ಣ ಕೇಸರಿಯದು. ಬೊಲೊನ್ಯಾದ ರಾಗೂ ಎಂಬ ಸಾಸಿನಲ್ಲಿ ಮಾಂಸವೇ ಮುಂದು, ಟೊಮೆಟೊ ಹಿಂದು. ಅದು ಮೊಟ್ಟೆಯ ಪಾಸ್ತಾಕ್ಕೆ ಅಂಟುವಷ್ಟೇ ಇರುತ್ತದೆ. ‘ಸಾಸ್ ಸಾಲದು’ ಎಂದು ಗೊಣಗುವವರು ಉತ್ತರದ ಶೈಲಿಯ ರೆಸ್ಟೋರೆಂಟಿಗೆ ಹೋಗದಿರುವುದೇ ಲೇಸು.

(ಆಲ್ಫ್ರೆಡೊ ಪಾಸ್ತಾ ಕೇಳುವವರಿಗೊಂದು ಮಾತು: ರೋಮಿನ ಮೂಲ ರೂಪದಲ್ಲಿ ಇರುವುದು ಬೆಣ್ಣೆ ಮತ್ತು ಪಾರ್ಮೆಸಾನ್, ಕೆನೆ ಅಮೆರಿಕದ ಸೇರ್ಪಡೆ.)

ಮಕ್ಕಳು ಮರಿಗಳೊಂದಿಗೆ ಹಂಚಿಕೊಂಡು ತಿನ್ನುವುದಾದರೆ ಕೆಂಪು ಸಾಸಿನ ಹಳೆಯ ರೆಸ್ಟೋರೆಂಟೇ ಸರಿ. ಹುಳಿ ಬೇಸರವಾಗಿದ್ದರೆ, ಬೆಣ್ಣೆಯ ಮೃದು ರುಚಿ ಹಿಡಿಸುವುದಾದರೆ ಉತ್ತರದ್ದು. ನನ್ನ ಮತ ಎರಡನೆಯದಕ್ಕೆ, ರಿಸೊಟ್ಟೊ ಕೇಳಿದ ಮೇಲೆಯೇ ಕಲಕಿ ಮಾಡಿದ್ದಾಗಿದ್ದರೆ ಮಾತ್ರ.